ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಒಂದು ವರ್ಷ

ಮಾನ್ಯ ಸಂಪಾದಕರೇ,

ಕಾಲೇಜು ಪ್ರವೇಶದ ದಿನಗಳು ಬಂದವೆಂದರೆ ನಮ್ಮ ತಾಲ್ಲೂಕು ನ್ಯಾಯಾಲಯದ ಎದುರಿನ ಟೈಪಿಂಗ್ ಅಂಗಡಿಗಳಲ್ಲಿ ಒಂದೇ ನಮೂನೆಯ ಅಫಿಡವಿಟ್‌ಗಳು ಸಾಲಾಗಿ ಸಿದ್ಧವಾಗುತ್ತವೆ. ದ್ವಿತೀಯ ಪಿಯುಸಿ ಮುಗಿದ ಮೇಲೆ ಒಂದು ವರ್ಷ ಯಾವ ಕಾಲೇಜಿಗೂ ಸೇರದೆ, ವೈದ್ಯಕೀಯ, ಎಂಜಿನಿಯರಿಂಗ್ ಮೊದಲಾದ ಕೋರ್ಸುಗಳ ಪ್ರವೇಶ ಪರೀಕ್ಷೆಗಳಾದ ನೀಟ್‌ಗೋ ಸಿಇಟಿಗೋ ಎರಡನೆಯ ಸಲ ಓದಿ ಸೀಟು ಪಡೆದ ಮಕ್ಕಳಿಂದ ಕಾಲೇಜುಗಳು ಕೇಳುವ ‘ಗ್ಯಾಪ್ ಸರ್ಟಿಫಿಕೇಟ್’ ಅದು. ಹೋದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಜೊತೆಗೆ ನಾನೂ ಹೋಗಿ ಅಲ್ಲಿನ ಬೆಂಚಿನ ಮೇಲೆ ಕುಳಿತಿದ್ದೆ. ಟೈಪಿಸ್ಟ್ ಕಂಪ್ಯೂಟರಿನಲ್ಲಿದ್ದ ಹಿಂದಿನವನ ಹೆಸರು, ಅವನ ತಂದೆಯ ಹೆಸರು ಅಳಿಸಿ ಇವನದನ್ನು ಕೂಡಿಸಿದರು; ಉಳಿದದ್ದನ್ನು ಮುಟ್ಟಲಿಲ್ಲ. ‘ಸದರಿ ಅವಧಿಯಲ್ಲಿ ನಾನು ಯಾವುದೇ ಶಾಲಾ ಕಾಲೇಜಿಗೆ ಸೇರಿರುವುದಿಲ್ಲ, ಯಾವುದೇ ಉದ್ಯೋಗದಲ್ಲಿ ಇರುವುದಿಲ್ಲ, ಮನೆಯಲ್ಲಿಯೇ ಇದ್ದಿರುತ್ತೇನೆ’ ಎಂದು ಅದರಲ್ಲಿತ್ತು. ನಸುಕಿನ ಐದಕ್ಕೆ ಎದ್ದು ರಾತ್ರಿ ಹನ್ನೊಂದರವರೆಗೆ ಪುಸ್ತಕ ಹಿಡಿದು ಕುಳಿತಿದ್ದ ಹುಡುಗ ತನ್ನ ಆ ವರ್ಷದ ಬಗ್ಗೆ ಛಾಪಾ ಕಾಗದದ ಮೇಲೆ ಇಷ್ಟನ್ನೇ ಪ್ರಮಾಣ ಮಾಡಿ ಸಹಿ ಹಾಕಿದ.

ಹಾವೇರಿ ಜಿಲ್ಲೆಯ ಸರ್ಕಾರಿ ಪದವಿಪೂರ್ವ ಕಾಲೇಜುಗಳಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಹೀಗೆ ಒಂದು ವರ್ಷ ‘ಕೂರುವ’ ಮಕ್ಕಳನ್ನು ನಾವು ರಿಪೀಟರ್ ಎನ್ನುತ್ತೇವೆ, ಕೋಚಿಂಗ್‌ನವರು ‘ಲಾಂಗ್ ಟರ್ಮ್’ ಬ್ಯಾಚ್ ಎನ್ನುತ್ತಾರೆ, ಊರವರು ವರ್ಷ ಹಾಳು ಮಾಡಿಕೊಂಡವರು ಎನ್ನುತ್ತಾರೆ. ಸರ್ಕಾರದ ಬಳಿ ಮಾತ್ರ ಇವರಿಗೊಂದು ಹೆಸರೇ ಇಲ್ಲ. ಆ ಹೆಸರನ್ನು ಕೊಡಬೇಕು, ಅಂದರೆ ಈ ಮಕ್ಕಳನ್ನು ಸರ್ಕಾರಿ ಪದವಿಪೂರ್ವ ಕಾಲೇಜುಗಳ ದಾಖಲೆಯಲ್ಲಿ ಒಂದು ವರ್ಷದ ಮಟ್ಟಿಗೆ ವಿದ್ಯಾರ್ಥಿಗಳೆಂದು ಸೇರಿಸಿಕೊಳ್ಳಬೇಕು ಎಂದು ಕೇಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಇದು ಯಾರೋ ನಾಲ್ಕು ಹಟಮಾರಿ ಹುಡುಗರ ವಿಷಯವಾಗಿ ಉಳಿದಿಲ್ಲ. 2025ರ ನೀಟ್ ಬರೆದವರು ಸುಮಾರು 22 ಲಕ್ಷ, ಅರ್ಹರಾದವರು 12 ಲಕ್ಷಕ್ಕೂ ಹೆಚ್ಚು. ದೇಶದಲ್ಲಿರುವ ಎಂಬಿಬಿಎಸ್ ಸೀಟುಗಳಾದರೋ ಸುಮಾರು ಒಂದೂಕಾಲು ಲಕ್ಷ, ಸಾಮಾನ್ಯ ಕುಟುಂಬಕ್ಕೆ ಎಟುಕುವ ಸರ್ಕಾರಿ ಸೀಟುಗಳು ಅದರಲ್ಲಿ ಅರ್ಧದಷ್ಟು. ಈ ಪರೀಕ್ಷೆಯನ್ನು ಎಷ್ಟು ಸಲ ಬೇಕಾದರೂ ಬರೆಯಬಹುದು, ಮೇಲಿನ ವಯೋಮಿತಿಯನ್ನೂ 2022ರಲ್ಲಿ ತೆಗೆದುಹಾಕಲಾಗಿದೆ. ಹೀಗಿರುವಾಗ ಎರಡನೆಯ ಸಲ ಬರೆಯುವವರೇ ಮುಂದೆ ನಿಲ್ಲುವುದು ಸಹಜ. ತಮಿಳುನಾಡು ಸರ್ಕಾರ ನೇಮಿಸಿದ್ದ ನ್ಯಾಯಮೂರ್ತಿ ಎ.ಕೆ. ರಾಜನ್ ಸಮಿತಿ 2021ರಲ್ಲಿ ಕೊಟ್ಟ ವರದಿಯ ಪ್ರಕಾರ, ಅಲ್ಲಿ ವೈದ್ಯಕೀಯ ಸೀಟು ಪಡೆದವರಲ್ಲಿ ರಿಪೀಟರ್‌ಗಳ ಪಾಲು 2016-17ರಲ್ಲಿ ನೂರಕ್ಕೆ 12ರ ಆಸುಪಾಸಿನಲ್ಲಿದ್ದದ್ದು 2020-21ರ ಹೊತ್ತಿಗೆ 71ಕ್ಕೆ ಏರಿತ್ತು. ಆ ವರದಿ ನೀಟ್ ಬಗ್ಗೆ ತೆಗೆದುಕೊಂಡ ನಿಲುವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಆದರೆ ನನ್ನ ಕೊನೆಯ ಕೆಲವು ವರ್ಷಗಳ ತರಗತಿಗಳನ್ನು ನೆನೆದರೆ, ಮೊದಲ ಪ್ರಯತ್ನದಲ್ಲೇ ಎಂಬಿಬಿಎಸ್ ಸೇರಿದವರನ್ನು ಬೆರಳೆಣಿಕೆಯಲ್ಲಿ ಹೇಳಬಲ್ಲೆ. ಪಿಯುಸಿ ಎರಡು ವರ್ಷದ್ದು ಎಂಬುದು ಕಾಗದದ ಮಾತು, ವೈದ್ಯಕೀಯಕ್ಕೆ ಹೋಗಬೇಕೆನ್ನುವವರ ಪಾಲಿಗೆ ಅದು ಮೂರು ವರ್ಷದ್ದಾಗಿದೆ. ಮೊದಲೆರಡು ವರ್ಷಕ್ಕೆ ಸರ್ಕಾರಿ ಕಾಲೇಜು ಇದೆ, ಮೂರನೆಯ ವರ್ಷಕ್ಕೆ ಹಣವಿದ್ದವರಿಗೆ ಕೋಚಿಂಗ್ ಕೇಂದ್ರವಿದೆ, ಹಣವಿಲ್ಲದವರಿಗೆ ಮನೆಯ ಪಡಸಾಲೆ.

ಅಫಿಡವಿಟ್ ಮಾಡಿಸಿದ ಆ ಹುಡುಗನ ತಂದೆಗೆ ನಾಲ್ಕು ಎಕರೆ ಹೊಲ, ಅದರಲ್ಲಿ ಗೋವಿನಜೋಳ. ಅದರ ಹಿಂದಿನ ವರ್ಷದ ಜೂನ್‌ನಲ್ಲಿ ಮಗನನ್ನು ಕರೆದುಕೊಂಡು ನನ್ನ ಮನೆಗೆ ಬಂದಿದ್ದರು. ಮಾತು ಶುರು ಮಾಡುವ ಮೊದಲು ಬಹಳ ಹೊತ್ತು ಮಳೆಯ ವಿಷಯ ಮಾತಾಡಿ, ಚಹಾ ಕುಡಿದು, ಕೊನೆಗೆ, ‘ಸರ, ಇವನ್ನ ಇನ್ನೊಂದು ವರ್ಷ ಮನ್ಯಾಗ ಕುಂದ್ರಸ್ಲೇನ್ರಿ?’ ಎಂದು ಕೇಳಿದರು. ಹುಡುಗ ನನ್ನ ಮುಖ ನೋಡಲಿಲ್ಲ. ದೊಡ್ಡ ಊರಿನ ಕೋಚಿಂಗ್ ಕೇಂದ್ರಗಳಲ್ಲಿ ವಿಚಾರಿಸಿ ಬಂದಿದ್ದರು. ಹಾಸ್ಟೆಲ್ ಸೇರಿದರೆ ವರ್ಷಕ್ಕೆ ಎರಡು ಲಕ್ಷ ದಾಟುತ್ತಿತ್ತು, ಫೀಸಿನ ಮೇಲೆ ನೂರಕ್ಕೆ 18ರ ಜಿಎಸ್‌ಟಿ ಬೇರೆ. (ಸರ್ಕಾರಕ್ಕೆ ರಿಪೀಟರ್‌ನ ನೆನಪಾಗುವುದು ಈ ಒಂದು ಕಡೆ ಮಾತ್ರವೇನೋ.) ಸರ್ಕಾರಿ ಸೀಟು ಸಿಕ್ಕರೆ ವರ್ಷದ ಶುಲ್ಕ ಸಾವಿರಗಳ ಲೆಕ್ಕದಲ್ಲಿ ಮುಗಿಯುತ್ತದೆ, ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟು ಎಂದರೆ ಲಕ್ಷಗಳು ಎಂಬುದನ್ನು ಅವರು ನನಗಿಂತ ಚೆನ್ನಾಗಿ ತಿಳಿದಿದ್ದರು, ಆದ್ದರಿಂದ ಸಾಲ ಮಾಡಿ ಒಂದು ವರ್ಷ ಓದಿಸುವುದು ದುಡುಕೆಂದು ನನಗೂ ಹೇಳಲಾಗಲಿಲ್ಲ. ಕೊನೆಗೆ ಕೋಚಿಂಗ್ ಬೇಡ, ಹಳೆಯ ಪುಸ್ತಕಗಳನ್ನೇ ಓದಲಿ, ವಾರಕ್ಕೆರಡು ದಿನ ನನ್ನ ಹತ್ತಿರ ಬರಲಿ ಎಂದು ತೀರ್ಮಾನವಾಯಿತು.

ತೊಡಕು ಶುರುವಾದದ್ದು ಆಮೇಲೆ. ಪಿಯುಸಿಯಲ್ಲಿ ಇದ್ದಾಗ ಅವನು ತಾಲ್ಲೂಕು ಕೇಂದ್ರದ ಹಿಂದುಳಿದ ವರ್ಗಗಳ ಹಾಸ್ಟೆಲ್‌ನಲ್ಲಿದ್ದ, ವಿದ್ಯಾರ್ಥಿವೇತನ ಬರುತ್ತಿತ್ತು, ಊರಿಗೆ ಹೋಗಿಬರಲು ಬಸ್ ಪಾಸ್ ಇತ್ತು. ಮಾರ್ಚ್ ಪರೀಕ್ಷೆ ಮುಗಿದ ಕೂಡಲೇ ಹಾಸ್ಟೆಲ್ ಖಾಲಿ ಮಾಡಬೇಕಾಯಿತು. ಯಾವ ಕಾಲೇಜಿನ ವಿದ್ಯಾರ್ಥಿಯೂ ಅಲ್ಲದವನಿಗೆ ಹಾಸ್ಟೆಲ್ ಇಲ್ಲ, ಎಸ್‌ಎಸ್‌ಪಿ ಎಂಬ ವಿದ್ಯಾರ್ಥಿವೇತನದ ತಂತ್ರಾಂಶದಲ್ಲಿ ಅರ್ಜಿ ಹಾಕುವ ಹಾಗಿಲ್ಲ, ರಿಯಾಯಿತಿ ಪಾಸಿನ ಅರ್ಜಿಯಲ್ಲಿ ಕಾಲೇಜಿನ ಹೆಸರಿನ ಜಾಗ ಖಾಲಿ. ವಾರಕ್ಕೆರಡು ದಿನ ನನ್ನ ಮನೆಗೆ ಬಂದುಹೋಗಲು ಅವನು ಪೂರ್ತಿ ಚಾರ್ಜು ಕೊಡುತ್ತಿದ್ದ. ಅದೇ ಬಸ್ಸಿನಲ್ಲಿ ಅವನ ತಂಗಿ ‘ಶಕ್ತಿ’ ಯೋಜನೆಯಲ್ಲಿ ಉಚಿತವಾಗಿ ಬರುತ್ತಿದ್ದಳು. ತಂಗಿಗೆ ಸಿಕ್ಕದ್ದು ನ್ಯಾಯವಾದದ್ದೇ, ಅಣ್ಣನಿಗೆ ಅದರ ಹಿಂದಿನ ವರ್ಷದವರೆಗೆ ಇದ್ದ ಪಾಸು ತಪ್ಪಿದ್ದು ಯಾವ ಕಾರಣಕ್ಕೆ ಎಂಬುದಷ್ಟೇ ನನ್ನ ಪ್ರಶ್ನೆ. ಅವನು ಓದು ಬಿಟ್ಟಿರಲಿಲ್ಲ, ಹಿಂದಿಗಿಂತ ಹೆಚ್ಚು ಓದುತ್ತಿದ್ದ.

ಇದಕ್ಕೆ ಜನರೇ ಒಂದು ಉಪಾಯ ಕಂಡುಕೊಂಡಿದ್ದಾರೆ. ಹತ್ತಿರದ ಪದವಿ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸುಮ್ಮನೆ ಹೆಸರು ಹಚ್ಚುವುದು, ಅದರ ಮೇಲೆ ಹಾಸ್ಟೆಲ್ ಮತ್ತು ಪಾಸು ಪಡೆಯುವುದು, ತರಗತಿಗೆ ಹೋಗದೆ ನೀಟ್‌ಗೆ ಓದುವುದು, ಮುಂದಿನ ಜುಲೈಗೆ ಟಿಸಿ ತೆಗೆದುಕೊಂಡು ಹೋಗುವುದು. ಇದರಿಂದ ನಿಜವಾಗಿ ಬಿ.ಎಸ್ಸಿ. ಓದಬೇಕೆಂದವನ ಸೀಟು ಹೋಗುತ್ತದೆ, ಹಾಜರಿ ಬೇಕೆಂದು ಉಪನ್ಯಾಸಕರ ಕಾಲು ಹಿಡಿಯಬೇಕಾಗುತ್ತದೆ, ಕೊನೆಗೆ ಮೂಲ ದಾಖಲೆಗಳನ್ನು ಬಿಡಿಸಿಕೊಳ್ಳಲು ಪರದಾಡಬೇಕಾಗುತ್ತದೆ. ಮೂಲ ದಾಖಲೆಗಳನ್ನು ಕಾಲೇಜುಗಳು ಇಟ್ಟುಕೊಳ್ಳುವಂತಿಲ್ಲವೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರ ಅಕ್ಟೋಬರ್‌ನಲ್ಲೇ ಅಧಿಸೂಚನೆ ಹೊರಡಿಸಿದ್ದರೂ, ಉಳಿದ ವರ್ಷಗಳ ಶುಲ್ಕ ಕಟ್ಟಿ ಅಂಕಪಟ್ಟಿ ಒಯ್ಯಿರಿ ಎಂದು ಕೇಳಿಸಿಕೊಂಡ ಪೋಷಕರು ನನ್ನ ಬಳಿಯೇ ಬಂದಿದ್ದಾರೆ. ಸುಳ್ಳು ಹೇಳಿದವನಿಗೆ ಹಾಸ್ಟೆಲ್, ನಿಜ ಹೇಳಿದವನಿಗೆ ಅಫಿಡವಿಟ್ ಎಂಬಂತಾಗಿದೆ ವ್ಯವಸ್ಥೆ. ನನ್ನ ಹುಡುಗ ಈ ದಾರಿ ಹಿಡಿಯಲಿಲ್ಲ. ಹಿಡಿದಿದ್ದರೆ ನಾನು ಬೇಡವೆನ್ನುತ್ತಿದ್ದೆನೆಂದು ಎದೆ ಮುಟ್ಟಿಕೊಂಡು ಹೇಳಲಾರೆ.

ಹೆಣ್ಣುಮಕ್ಕಳ ಕಥೆಯಲ್ಲಿ ಬಸ್ಸಿನ ಚಾರ್ಜಿಗಿಂತ ದೊಡ್ಡ ಅಡ್ಡಿಯಿದೆ. ಹುಡುಗಿ ಒಂದು ವರ್ಷ ಕಾಲೇಜಿಗೆ ಹೋಗದೆ ಮನೆಯಲ್ಲಿದ್ದಾಳೆಂದರೆ ನಮ್ಮ ಕಡೆ ಅದು ವರ ನೋಡುವ ವರ್ಷ. ಜೀವಶಾಸ್ತ್ರದಲ್ಲಿ ನನ್ನ ತರಗತಿಯಲ್ಲೇ ಮುಂದಿದ್ದ ವಿದ್ಯಾರ್ಥಿನಿಯೊಬ್ಬಳ ತಾಯಿ, ‘ಓದಾಕ ಕುಂತಾಳ ಅಂತ ಎಷ್ಟು ಮಂದಿಗೆ ಹೇಳಲ್ರಿ ಸರ? ಕಾಲೇಜಿಗೆ ಹೊಕ್ಕಾಳ ಅಂದ್ರ ಯಾರೂ ಕೇಳಂಗಿಲ್ಲ’ ಎಂದಿದ್ದರು. ಆಕೆಯ ಬುದ್ಧಿವಂತಿಕೆಯ ಮಾತನ್ನು ನಾನು ಅಂದು ಸರಿಯಾಗಿ ಗಮನಿಸಲಿಲ್ಲ. ಆ ಹುಡುಗಿಗೆ ಬೇಕಾಗಿದ್ದದ್ದು ಕೋಚಿಂಗ್ ಕೂಡ ಅಲ್ಲ, ಬೆಳಿಗ್ಗೆ ಮನೆಯಿಂದ ಹೊರಟು ಹೋಗಲು ಒಂದು ಕಾಲೇಜು, ಕೇಳಿದವರಿಗೆ ತೋರಿಸಲು ಒಂದು ಗುರುತಿನ ಚೀಟಿ. ಆ ವರ್ಷದ ಮಾಗಿಯಲ್ಲಿ ಅವಳ ಮದುವೆಯಾಯಿತು.

ವರ್ಷ ಬಿಟ್ಟು ಓದುವುದು ಎಲ್ಲರಿಗೂ ಒಳ್ಳೆಯದೆಂದು ನಾನು ಹೇಳುತ್ತಿಲ್ಲ; ಬಂದ ಪೋಷಕರಲ್ಲಿ ಹೆಚ್ಚಿನವರಿಗೆ ಬೇಡವೆಂದೇ ಹೇಳಿ ಕಳಿಸಿದ್ದೇನೆ. ಬಂದವರಿಗೆ ಮೊದಲು ಕೇಳುವುದು ಉತ್ತರ ಗುರುತಿಸುವ ಒಎಂಆರ್ ಹಾಳೆಯ ನಕಲು ಮತ್ತು ಸರಿಯುತ್ತರಗಳ ಪಟ್ಟಿ. ನೀಟ್‌ನಲ್ಲಿ ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಬಿಟ್ಟ ಪ್ರಶ್ನೆಗಳೆಷ್ಟು, ತಪ್ಪಿದವೆಷ್ಟು ಎಂದು ಎರಡು ಸಾಲು ಮಾಡಿ ಎಣಿಸಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. 360 ಅಂಕದ ಜೀವಶಾಸ್ತ್ರದಲ್ಲಿ ಮುನ್ನೂರರ ಹತ್ತಿರವಿದ್ದು, 180 ಅಂಕದ ಭೌತಶಾಸ್ತ್ರದಲ್ಲಿ ಅರವತ್ತಕ್ಕೆ ನಿಂತವನಿಗೆ ಒಂದು ವರ್ಷ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಅವನಿಗೆ ಏನು ಮಾಡಬೇಕೆಂಬುದು ಗೊತ್ತಿರುತ್ತದೆ. ಮೂರೂ ವಿಷಯಗಳಲ್ಲಿ ಅರ್ಧಕ್ಕೆ ನಿಂತು, ‘ಮನೆಯವರು ಹೇಳಿದರು’ ಎಂದು ಕೂರುವವನಿಗೆ ಆ ವರ್ಷ ಬಲು ಭಾರ. ಎಂಜಿನಿಯರಿಂಗ್‌ನ ಲೆಕ್ಕ ಬೇರೆ: ನಮ್ಮ ಸಿಇಟಿ ರ‍್ಯಾಂಕ್‌ನಲ್ಲಿ ಪಿಯು ಅಂಕಗಳಿಗೂ ಅರ್ಧ ಪಾಲಿದೆ, ನೀಟ್‌ನಲ್ಲಿ ಅವು ಅರ್ಹತೆಗೆ ಮಾತ್ರ. 2024ರಿಂದ ಪಿಯು ಪರೀಕ್ಷೆಯನ್ನೇ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಬರೆದು ಅಂಕ ಸುಧಾರಿಸಿಕೊಳ್ಳುವ ಅವಕಾಶ ಬಂದಿರುವುದರಿಂದ, ಸಿಇಟಿಗಾಗಿ ಇಡೀ ವರ್ಷ ಕೂರುವ ಅಗತ್ಯ ಹಿಂದಿನಷ್ಟಿಲ್ಲವೆಂಬುದು ನನ್ನ ಅಭಿಪ್ರಾಯ.

ಈ ಸಲಹೆ ಕೊಡುವುದರಲ್ಲಿ ನಾನೇ ತಪ್ಪಿದ್ದೂ ಇದೆ. 2023ರಲ್ಲಿ ನೀಟ್ ಬರೆದಿದ್ದ ಒಬ್ಬ ಹುಡುಗನಿಗೆ, ಇನ್ನು ಐವತ್ತು ಅಂಕ ಬಂದರೆ ಸಾಕು, ಕೂರು ಎಂದು ಧೈರ್ಯ ಹೇಳಿದ್ದೆ. ಅವನು ಕೂತ, ಓದಿದ, 2024ರಲ್ಲಿ ಐವತ್ತಕ್ಕಿಂತ ಹೆಚ್ಚೇ ಏರಿದ. ರ‍್ಯಾಂಕ್ ಮಾತ್ರ ಹಿಂದಿನ ವರ್ಷಕ್ಕಿಂತ ಹಿಂದಕ್ಕೆ ಸರಿಯಿತು. ಜೂನ್ 4ರಂದು ಮೊದಲು ಪ್ರಕಟವಾದ ಆ ವರ್ಷದ ಫಲಿತಾಂಶದಲ್ಲಿ 720ಕ್ಕೆ 720 ಪಡೆದವರೇ 67 ಮಂದಿ ಇದ್ದರು, ಪರಿಷ್ಕರಣೆಯ ನಂತರ ಅದು 17ಕ್ಕೆ ಇಳಿಯಿತು. ಮರುವರ್ಷ, 2025ರಲ್ಲಿ, ಭೌತಶಾಸ್ತ್ರದ ಪ್ರಶ್ನೆಗಳು ಕಠಿಣವಾಗಿ ದೇಶಕ್ಕೆ ಮೊದಲಿಗನಾದವನ ಅಂಕವೇ 686. ಒಂದು ವರ್ಷದ ಅಂಕವನ್ನು ಇನ್ನೊಂದು ವರ್ಷದ ಅಂಕದ ಪಕ್ಕದಲ್ಲಿಟ್ಟು ತೂಗಬಾರದು, ರ‍್ಯಾಂಕ್ ಒಂದನ್ನೇ ನೋಡಬೇಕು ಎಂಬ ಸರಳ ಸಂಗತಿಯನ್ನು ಅಳತೆಗಳ ಪಾಠ ಹೇಳಿದ ನಾನೇ ಮರೆತಿದ್ದೆ. ಅವನು ಈಗ ಪಶುವೈದ್ಯಕೀಯ ಓದುತ್ತಿದ್ದಾನೆ, ಸಂತೋಷವಾಗಿದ್ದಾನೆ. ಆದರೂ ಎದುರಿಗೆ ಸಿಕ್ಕಾಗ ನನಗೆ ಮುಜುಗರವಾಗುತ್ತದೆ.

ಸ್ವಂತ ಲೆಕ್ಕ ತಪ್ಪುವುದು ಒಂದಾದರೆ, ಆಟದ ನಡುವೆ ನಿಯಮ ಬದಲಾಗುವುದು ಇನ್ನೊಂದು. ರಿಪೀಟರ್ ನಿರ್ಧಾರ ಮಾಡುವುದು ಜೂನ್ ಜುಲೈನಲ್ಲಿ, ನಿಯಮ ಬದಲಾಗುವುದು ಚಳಿಗಾಲದಲ್ಲಿ. 2024ರ ನೀಟ್‌ನ ಪಠ್ಯಕ್ರಮ ಬದಲಾದದ್ದು 2023ರ ಕೊನೆಯ ತಿಂಗಳುಗಳಲ್ಲಿ. ಕೋವಿಡ್ ನಂತರ ಬಂದಿದ್ದ ಐಚ್ಛಿಕ ಪ್ರಶ್ನೆಗಳನ್ನು ತೆಗೆದು, ಸಮಯವನ್ನು 180 ನಿಮಿಷಕ್ಕೆ ಇಳಿಸಿದ್ದನ್ನು ತಿಳಿಸಿದ್ದು 2025ರ ಜನವರಿಯಲ್ಲಿ, ಪರೀಕ್ಷೆ ನಡೆದದ್ದು ಮೇ 4ಕ್ಕೆ. ಐಐಟಿ ಪ್ರವೇಶದ ಜೆಇಇ ಅಡ್ವಾನ್ಸ್ಡ್‌ನಲ್ಲಂತೂ 2024ರ ನವೆಂಬರ್ 5ರಂದು ಎರಡರ ಬದಲು ಮೂರು ಪ್ರಯತ್ನಗಳಿಗೆ ಅವಕಾಶವೆಂದು ಪ್ರಕಟಿಸಿ, 18ರಂದು ಅದನ್ನು ಹಿಂದಕ್ಕೆ ಪಡೆಯಲಾಯಿತು. ಆ ಹದಿಮೂರು ದಿನಗಳಲ್ಲಿ ಮಾತನ್ನು ನಂಬಿ ಇದ್ದ ಕಾಲೇಜು ಬಿಟ್ಟವರಿಗೆ ನ್ಯಾಯ ಸಿಕ್ಕಿದ್ದು ಮರುವರ್ಷದ ಜನವರಿಯಲ್ಲಿ, ಸುಪ್ರೀಂ ಕೋರ್ಟಿನಲ್ಲಿ. ನಮ್ಮ ರಾಜ್ಯವೂ ಹಿಂದೆ ಬಿದ್ದಿಲ್ಲ. ಕೋವಿಡ್‌ನಿಂದಾಗಿ 2021ರಲ್ಲಿ ದ್ವಿತೀಯ ಪಿಯು ಪರೀಕ್ಷೆ ನಡೆಯದೆ, ಹಿಂದಿನ ಅಂಕಗಳ ಆಧಾರದ ಮೇಲೆ ಎಲ್ಲರನ್ನೂ ಪಾಸು ಮಾಡಿದ್ದೆವಷ್ಟೆ. ಆ ತಂಡದ ಸುಮಾರು 24 ಸಾವಿರ ಮಕ್ಕಳು 2022ರಲ್ಲಿ ಮತ್ತೆ ಸಿಇಟಿ ಬರೆದಾಗ, ಅವರ ಪಿಯು ಅಂಕಗಳನ್ನು ಪರಿಗಣಿಸದೆ ಸಿಇಟಿ ಅಂಕ ಒಂದರ ಮೇಲೆಯೇ ರ‍್ಯಾಂಕ್ ಕೊಡಲಾಯಿತು. ಮಕ್ಕಳು ಹೈಕೋರ್ಟಿಗೆ ಹೋದರು. ಪಿಯು ಅಂಕಗಳಲ್ಲಿ ಒಂದಿಷ್ಟು ಕಳೆದು ಪರಿಗಣಿಸುವ ಸೂತ್ರವನ್ನು ಸೆಪ್ಟೆಂಬರ್‌ನಲ್ಲಿ ವಿಭಾಗೀಯ ಪೀಠ ಒಪ್ಪಿದ ಮೇಲೆ, ಅಕ್ಟೋಬರ್‌ನಲ್ಲಿ ಹೊಸ ರ‍್ಯಾಂಕ್ ಪಟ್ಟಿ ಬಂತು. ಹೊಸಬರಿಗೆ ಅನ್ಯಾಯವಾಗಬಾರದೆಂಬ, ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದ ಕಾಳಜಿಯಲ್ಲಿ ಹುರುಳಿಲ್ಲ ಎನ್ನಲಾರೆ, ಏಕೆಂದರೆ ಪರೀಕ್ಷೆಯಿಲ್ಲದ 2021ರಲ್ಲಿ ಪಿಯು ಅಂಕಗಳು ಉದಾರವಾಗಿ ಬಂದಿದ್ದವು. ಆದರೆ ವರ್ಷವನ್ನು ಪಣಕ್ಕಿಟ್ಟವರಿಗೆ ಪಣದ ನಿಯಮ ಮೊದಲೇ ತಿಳಿಯಬೇಕಿತ್ತು. ಇವರು ಯಾರ ವಿದ್ಯಾರ್ಥಿಗಳೂ ಅಲ್ಲವಾದ್ದರಿಂದ, ಇವರ ಪರವಾಗಿ ಮೊದಲೇ ಕೇಳುವ ಪ್ರಾಂಶುಪಾಲರೊಬ್ಬರೂ ಇರಲಿಲ್ಲ.

ಕೋಚಿಂಗ್ ಕೇಂದ್ರಗಳ ಬಗ್ಗೆ ಹೆಚ್ಚು ಬರೆಯಲಾರೆ, ಅದೇ ಒಂದು ಪತ್ರವಾದೀತು. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಪೂರ್ತಿ ಶುಲ್ಕ ಕಟ್ಟಿದ ವಿದ್ಯಾರ್ಥಿ ನಡುವೆ ಬಿಟ್ಟರೆ ಉಳಿದ ಅವಧಿಯ ಹಣವನ್ನು ಹತ್ತು ದಿನಗಳೊಳಗೆ ಹಿಂದಿರುಗಿಸಬೇಕು, ಹಾಸ್ಟೆಲ್ಲಿನದ್ದೂ ಸೇರಿ. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ತರಗತಿ ನಡೆಸಬಾರದು. ರ‍್ಯಾಂಕ್ ಖಾತರಿಯ ಜಾಹೀರಾತು ಕೊಡಬಾರದು. ಹಣ ಕಟ್ಟುವ ಪೋಷಕರು ಇಷ್ಟನ್ನಾದರೂ ತಿಳಿದಿರಲಿ.

ಇನ್ನು ನನ್ನ ಕೋರಿಕೆ. ದ್ವಿತೀಯ ಪಿಯು ವಿಜ್ಞಾನ ತೇರ್ಗಡೆಯಾಗಿ ಪ್ರವೇಶ ಪರೀಕ್ಷೆಯನ್ನು ಮತ್ತೆ ಬರೆಯಲಿರುವ ವಿದ್ಯಾರ್ಥಿಗಳು, ಬಯಸಿದರೆ, ತಾವು ಓದಿದ ಅಥವಾ ಹತ್ತಿರದ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಅಲ್ಪ ಶುಲ್ಕ ಕಟ್ಟಿ ಒಂದು ವರ್ಷಕ್ಕೆ ಹೆಸರು ನೋಂದಾಯಿಸಲು ಶಾಲಾ ಶಿಕ್ಷಣ ಇಲಾಖೆ ಅವಕಾಶ ಕೊಡಬೇಕು. ಇದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಹುದ್ದೆಯೂ ಬೇಡ. ಖಾಸಗಿ ಅಭ್ಯರ್ಥಿಗಳು ಕಾಲೇಜಿನ ಮೂಲಕವೇ ನೋಂದಾಯಿಸಿಕೊಂಡು ಪಿಯು ಪರೀಕ್ಷೆ ಬರೆಯುವ ಪದ್ಧತಿ ಮೊದಲಿನಿಂದಲೂ ಇದೆ, ಅದೇ ದಾಖಲೆ ಪುಸ್ತಕಕ್ಕೆ ಇನ್ನೊಂದು ಕಲಂ ಸೇರಿಸಿದರಾಯಿತು. ನೋಂದಾಯಿಸಿದವರು ಕಾಲೇಜಿನ ಗ್ರಂಥಾಲಯ ಬಳಸಲಿ, ಬೇಕಾದ ಪಾಠಕ್ಕೆ ಹಿಂದಿನ ಬೆಂಚಿನಲ್ಲಿ ಕೂರಲಿ, ತಿಂಗಳಿಗೊಮ್ಮೆ ಈಗಿನ ದ್ವಿತೀಯ ಪಿಯು ಮಕ್ಕಳ ಜೊತೆಯಲ್ಲೇ ಒಎಂಆರ್ ಹಾಳೆಯ ಮೇಲೆ ಪರೀಕ್ಷೆ ಬರೆಯಲಿ. ಈ ನೋಂದಣಿಯ ಆಧಾರದ ಮೇಲೆ ಬಸ್ ಪಾಸ್ ಸಿಗಲಿ. ಹಾಸ್ಟೆಲ್‌ಗಳಲ್ಲಿ ಹೊಸಬರ ಪ್ರವೇಶ ಮುಗಿದು ಉಳಿದ ಸ್ಥಾನಗಳನ್ನು ಇವರಿಗೆ ಕೊಡಲಿ. ವರ್ಷದ ಕೊನೆಗೆ ಪ್ರಾಂಶುಪಾಲರು ಕೊಡುವ ವ್ಯಾಸಂಗ ಪ್ರಮಾಣಪತ್ರವನ್ನೇ ಅಫಿಡವಿಟ್‌ನ ಬದಲಾಗಿ ವೃತ್ತಿಶಿಕ್ಷಣ ಕಾಲೇಜುಗಳು ಒಪ್ಪಲಿ.

ಇದರಿಂದ ವರ್ಷ ಬಿಡುವವರು ಹೆಚ್ಚುತ್ತಾರೆ, ಮೊದಲ ಸಲ ಬರೆಯುವ ಹಳ್ಳಿಯ ಮಕ್ಕಳಿಗೆ ಪೈಪೋಟಿ ಇನ್ನೂ ಬಿಗಿಯಾಗುತ್ತದೆ ಎಂಬ ಆಕ್ಷೇಪ ನನ್ನ ಸಹೋದ್ಯೋಗಿಗಳಿಂದಲೇ ಬಂದಿದೆ. ಪೈಪೋಟಿ ಈಗಾಗಲೇ ಬಿಗಿಯಾಗಿದೆ, ಅದನ್ನು ಬಿಗಿ ಮಾಡಿದವರು ಎರಡು ಲಕ್ಷ ಕಟ್ಟಬಲ್ಲವರು. ಕಟ್ಟಲಾರದ ಹುಡುಗನನ್ನು ದಾಖಲೆಯಿಂದ ಹೊರಗಿಟ್ಟ ಮಾತ್ರಕ್ಕೆ ಕಟ್ಟಬಲ್ಲವನು ಎರಡನೆಯ ಸಲ ಬರೆಯುವುದನ್ನು ಬಿಡುವುದಿಲ್ಲ. ಇನ್ನೊಂದು ಮಾತು: ಕಾಲೇಜಿಗೆ ಬಂದು ತಿಂಗಳ ಪರೀಕ್ಷೆ ಬರೆಯುವವನಿಗೆ ತನ್ನ ಸ್ಥಿತಿ ದಸರೆಯೊಳಗೆ ತಿಳಿಯುತ್ತದೆ, ಕಲಿಸಿದವರ ಕಣ್ಣಿಗೂ ಬೀಳುತ್ತದೆ. ಬಾಗಿಲು ಹಾಕಿಕೊಂಡು ಓದುವವನ ಮನಸ್ಸು ಯಾವ ಸ್ಥಿತಿಯಲ್ಲಿದೆ ಎಂಬುದು ಅವನ ತಾಯಿಗೂ ತಿಳಿಯುವುದಿಲ್ಲ. ಅಫಿಡವಿಟ್ ಮಾಡಿಸಿದ ಆ ಹುಡುಗ ಫೆಬ್ರುವರಿಯಲ್ಲಿ ಮೂರು ವಾರ ನನ್ನ ಹತ್ತಿರ ಬರಲಿಲ್ಲ. ನಾಲ್ಕನೆಯ ವಾರ ನಾನೇ ಅವರ ಊರಿಗೆ ಹೋದಾಗ, ಹಿತ್ತಲಿನ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದ, ಪುಸ್ತಕ ತೆರೆದು ಹತ್ತು ದಿನವಾಗಿದೆ ಎಂದ. ಕಾಲೇಜಿನಲ್ಲಿ ಹಾಜರಿ ಕರೆಯುವವರಿದ್ದಿದ್ದರೆ ಎರಡನೆಯ ದಿನವೇ ತಿಳಿಯುತ್ತಿತ್ತು.

ಹಾಸ್ಟೆಲ್ ಮತ್ತು ವಿದ್ಯಾರ್ಥಿವೇತನದ ಅರ್ಜಿಗಳು ಆರಂಭವಾದ ಮೇಲೆ ಸುತ್ತೋಲೆ ಹೊರಟರೆ ಆ ವರ್ಷಕ್ಕೆ ಪ್ರಯೋಜನವಿಲ್ಲ. ಆದ್ದರಿಂದ ಇಲಾಖೆ ಇದನ್ನು ಒಪ್ಪುವುದಾದರೆ ದ್ವಿತೀಯ ಪಿಯು ಫಲಿತಾಂಶದ ಜೊತೆಯಲ್ಲೇ ಪ್ರಕಟಿಸಬೇಕೆಂದೂ, ಮೊದಲ ವರ್ಷ ಜಿಲ್ಲೆಗೆ ಎರಡು ಕಾಲೇಜುಗಳಲ್ಲಾದರೂ ನಡೆಸಿ ನೋಡಬೇಕೆಂದೂ ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ. ಭೌತಶಾಸ್ತ್ರದ ಪಾಠಕ್ಕೆ ನನ್ನಂಥ ನಿವೃತ್ತರು ಬೇಕಾದರೆ, ನಮ್ಮ ತಾಲ್ಲೂಕಿನಲ್ಲೇ ನಾಲ್ವರಿದ್ದೇವೆ, ಸಂಭಾವನೆ ಬೇಡ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ,
ಹಾವೇರಿ ಜಿಲ್ಲೆ